ದಾ ತಾಹರನ ಖಾಲಿ ತೋಳು

ಮೆಝಿಯಾನನನ್ನು ಕಂಬಳಿಯಲ್ಲಿ ಹೊತ್ತು ತಂದರು. ಅವನ ಬಲಗೈಯನ್ನು ಬೇರೆ ಗೋಣಿಯಲ್ಲಿ ಸುತ್ತಿ ತಂದರು. ಗೋಣಿ ಗಾಣದ್ದು. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದ್ದ ಅದು ರಕ್ತ ಹೀರಿಕೊಳ್ಳಲಿಲ್ಲ. ಹೊಸಿಲಿನಿಂದ ಒಲೆಯವರೆಗೂ ಹನಿ ಬಿದ್ದವು.

ಫೆರೂಜಾ ಜವೆ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟು ಮೆತ್ತಿದ ಕೈಯಲ್ಲೇ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡಳು. ಹೆಗಲಿದ್ದ ಕಡೆ ತೂತು ಇತ್ತು. ಅದರೊಳಗೆ ಯಾರೋ ಬೂದಿ ತುರುಕಿದ್ದರು. ಸಂಜೆಯ ಬಾಂಗಿನವರೆಗೂ ಅವನಿಗೆ ಜೀವ ಇತ್ತು. ನೀರು ಬೇಕೆನ್ನಲಿಲ್ಲ, ದೇವರನ್ನು ಕರೆಯಲಿಲ್ಲ. "ತಗಡು ಹಾಕಿದ್ರೆ..." ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದ. ಆಮೇಲೆ ಏನೂ ಅನ್ನಲಿಲ್ಲ.

ಯಾವ ತಗಡು ಎಂದು ಆ ಬೆಟ್ಟದೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಿನ ಕೆಳಗೆ, ಹಳ್ಳದ ದಡದಲ್ಲಿ ದಾ ತಾಹರನ ಆಲಿವ್ ಗಾಣ. ಇಂಜಿನ್ನಿನಿಂದ ಗಾಣದ ಕಲ್ಲಿನವರೆಗೆ ಅಗಲವಾದ ಚರ್ಮದ ಬೆಲ್ಟು ಓಡುತ್ತದೆ. ಅದರ ಮೇಲೆ ತಗಡಿನ ಮುಚ್ಚಳ ಇತ್ತು. ಮುಚ್ಚಳ ಇದ್ದರೆ ಕಾಯಿಬುಟ್ಟಿ ಹೊತ್ತವರು ಸುತ್ತು ಹಾಕಿ ಹೋಗಬೇಕು. ತೆಗೆದರೆ ಬೆಲ್ಟಿನ ಮಗ್ಗುಲಿಗೇ ನೆಟ್ಟಗೆ ನುಗ್ಗಬಹುದು, ಕಲ್ಲು ಖಾಲಿ ತಿರುಗುವುದಿಲ್ಲ. ಹಂಗಾಮಿನ ಮೊದಲಲ್ಲೇ ದಾ ತಾಹರ್ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ್ದ. ಮೆಝಿಯಾನ್ ಕೇಳಿದ್ದಕ್ಕೆ, "ಹಂಗಾಮು ಮುಗೀಲಿ, ಹಾಕ್ಸೋಣ ಕಣೋ" ಅಂದಿದ್ದ. ಆಲಿವ್ ಕಾಯಿ ಆ ವರ್ಷ ಮರ ಮುರಿಯುವಂತೆ ಬಿಟ್ಟಿತ್ತು.

ದಾ ಎಂದರೆ ಅಣ್ಣ. ತಾಹರ್ ಇಡೀ ಊರಿಗೆ ಅಣ್ಣ. ಫ್ರೆಂಚರ ಮೇಲೆ ಯುದ್ಧ ಮಾಡಿ ಎಡಗೈ ಕಳೆದುಕೊಂಡವನು. ಅವನ ಅಂಗಿಯ ಆ ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕಿರುತ್ತಿದ್ದ. ಊರಿನವರು ಅವನ ಕೈ ಮುಟ್ಟಿ ನಮಸ್ಕಾರ ಮಾಡುತ್ತಿರಲಿಲ್ಲ, ಆ ತೋಳಿಗೆ ಮುತ್ತು ಕೊಡುತ್ತಿದ್ದರು. ಹೊಸ ಮದುಮಗಳು ಮೊದಲ ಸಲ ಹೊರಗೆ ಬಂದಾಗ, ಗಂಡುಮಗುವಿನ ಮುಂಜಿಯಾದಾಗ, ರಜೆಯ ಮೇಲೆ ಸಿಪಾಯಿ ಮನೆಗೆ ಬಂದಾಗ ಮೊದಲು ಅಲ್ಲಿಗೆ. ಫೆರೂಜಾಳೂ ಮದುವೆಯ ಮಾರನೇ ದಿನ ಕೊಟ್ಟಿದ್ದಳು, ಮನಸ್ಸು ತುಂಬಿಯೇ ಕೊಟ್ಟಿದ್ದಳು. ಯುದ್ಧದಲ್ಲಿ ಅವಳ ಅಪ್ಪನ ಕಾಲಿಗೆ ಗುಂಡು ಬಿದ್ದಾಗ, ಹಿಮದಲ್ಲಿ ಬೆಟ್ಟ ದಾಟಿಸಿ ಹೊತ್ತು ತಂದವನು ಇವನೇ. ಆಗಿನ್ನೂ ಎರಡು ಕೈ ಇದ್ದವು. ಆ ಕತೆ ಕೇಳದೆ ಅವಳು ಚಿಕ್ಕಂದಿನಲ್ಲಿ ನಿದ್ದೆ ಮಾಡಿದ್ದೇ ಇಲ್ಲ.

ಮಣ್ಣಿಗೆ ದಾ ತಾಹರ್ ತಾನೇ ಬಂದ. ಕಫನ್ ಬಟ್ಟೆ ಅವನದು, ಕೊಯ್ದ ಎತ್ತು ಅವನದು, ಸಾವಿನ ಊಟದ ಕುಸ್ಕುಸಿಗೆ ರವೆಯೂ ಅವನದು. ಗೋರಿಯ ಮುಂದೆ ಅತ್ತ. ಅದು ಸುಳ್ಳು ಅಳುವಾಗಿರಲಿಲ್ಲ.

"ನಾನೂ ಒಂದು ಕೈ ಕೊಟ್ಟೋನೇ. ಕೈ ಹೋಗೋದು ಏನಂತ ನಂಗೆ ಗೊತ್ತು. ಹುಡುಗ ಅವಸರ ಮಾಡ್ಬಿಟ್ಟ. ಎಷ್ಟು ಸಲ ಹೇಳಿದ್ದೆ, ಬೆಲ್ಟಿನ ಹತ್ರ ಹುಷಾರು ಅಂತ. ದೇವರು ಬರ್ದದ್ದು" ಎಂದ.

ಗಂಡಸರು ಕಣ್ಣೊರೆಸಿಕೊಂಡರು. ಗಾಣದಲ್ಲಿ ದುಡಿಯುವವರೂ ಒರೆಸಿಕೊಂಡರು. ಬೆಲ್ಟು ಹೊಲಿಯುವ ಮುದುಕ ಸಾಲೆಂ ಮಾತ್ರ ನೆಲ ನೋಡುತ್ತ ನಿಂತಿದ್ದ.

ಊಟ ಮುಗಿದ ಮೇಲೆ ದಾ ತಾಹರ್ ಮೆಝಿಯಾನನ ತಮ್ಮ ಹೊಸೀನನ ತಲೆಯ ಮೇಲೆ ಕೈಯಿಟ್ಟ. "ನಾಳೆಯಿಂದ ಅಣ್ಣನ ಜಾಗ ನಿಂದು. ನಿಮ್ಮನೆ ಒಲೆ ಆರಬಾರ್ದು."

"ಎಂಥ ದೊಡ್ಡ ಮನಸ್ಸು!" ಅಂದರು ಸುತ್ತ ಕೂತವರು.

ಒಳಬಾಗಿಲ ಹಿಂದಿನಿಂದ ಹೆಂಗಸಿನ ದನಿ ಬಂತು. "ತಗಡು ಹಾಕ್ಸಿದೀರಾ, ದಾ ತಾಹರ್?"

ಗಂಡಸರು ಕೂತಲ್ಲಿ ವಿಧವೆ ಬಾಯಿ ತೆರೆಯುವುದನ್ನು ಆ ಅಂಗಳ ಕೇಳಿರಲಿಲ್ಲ.

"ಹಂಗಾಮು ಮುಗೀಲಿ, ಮಗಳೇ."

"ಅವರಿಗೂ ಹಿಂಗೇ ಅಂದಿದ್ರಿ."

ದಾ ತಾಹರ್ ಎದ್ದ. "ದುಃಖದಾಗವಳೆ. ಯಾರೂ ಏನೂ ಅನ್ಬೇಡ್ರಿ" ಎಂದು ಹೇಳಿ ಹೊರಟ. ಅವನು ಕ್ಷಮಿಸಿದ್ದನ್ನು ಊರು ಆ ಹೊತ್ತೇ ಹಾಡಿ ಹೊಗಳಿತು.

ಮಾರನೇ ಬೆಳಿಗ್ಗೆ ಹೊಸೀನ್ ಗಾಣಕ್ಕೆ ಹೊರಟಾಗ ಫೆರೂಜಾ ಬಾಗಿಲಿಗೆ ಅಡ್ಡ ನಿಂತಳು. ತಗಡು ಕೂರುವವರೆಗೆ ಹೋಗಬೇಡ ಅಂದಳು. ಅವನು ಹೋಗಲಿಲ್ಲ. ಅವಳು ಕೊಡ ಎತ್ತಿಕೊಂಡು ಬುಗ್ಗೆಗೆ ಹೋದಳು. ಗಂಡಸರಿಗೆ ಪಂಚಾಯಿತಿ ಕಟ್ಟೆ ಹೇಗೋ ಹೆಂಗಸರಿಗೆ ಬುಗ್ಗೆ ಹಾಗೆ. ಅಲ್ಲಿ ಆಡಿದ ಮಾತು ಕೊಡದ ನೀರಿಗಿಂತ ಮೊದಲು ಮನೆ ಸೇರುತ್ತದೆ.

"ಬೆಲ್ಟಿನ ಮೇಲೆ ತಗಡು ಇರ್ಲಿಲ್ಲ. ನನ್ನ ಗಂಡ ಅವಸರ ಮಾಡ್ಲಿಲ್ಲ. ದಾ ತಾಹರ್ ಹೇಳಿದ್ದು ಸುಳ್ಳು" ಎಂದಳು, ಎಲ್ಲರಿಗೂ ಕೇಳುವಂತೆ.

ಯೆಮ್ಮಾ ಜೂಹರ್ ಬಟ್ಟೆ ಒಗೆಯುವ ಕಲ್ಲಿನಿಂದ ಎದ್ದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿ, ಊರಿಗೆಲ್ಲ ಯೆಮ್ಮಾ, ಅಂದರೆ ಅವ್ವ. ಅವಳ ಒಬ್ಬನೇ ಮಗ ರಾಬಾಹ್ ಗಾಣದಲ್ಲೇ ದುಡಿಯುತ್ತಿದ್ದ.

"ಏನಂದೆ? ಇನ್ನೊಂದ್ಸಲ ಅನ್ನು. ನಿನ್ನಪ್ಪನ ಕಾಲು ಕೊಳ್ತು ಹುಳ ಬೀಳೋದ್ರೊಳಗೆ ಹೊತ್ಕೊಂಡು ಬಂದೋರು ಯಾರೇ? ಆ ಬೆನ್ನು ಇಲ್ದಿದ್ರೆ ನೀನೆಲ್ಲಿ ಹುಟ್ತಿದ್ದೆ, ನಾಲಗೆ ಎಲ್ಲಿ ಹುಟ್ತಿತ್ತು?"

"ಹೊತ್ಕೊಂಡು ಬಂದದ್ದು ದಿಟ ಯೆಮ್ಮಾ. ತಗಡು ಬಿಚ್ಚಿದ್ದೂ ದಿಟ."

"ಥೂ!" ಉಗುಳು ಫೆರೂಜಾಳ ಕೊಡದ ಬಾಯಿಗೆ ಬಿತ್ತು. "ಸೂರ್ಯನ ಮೇಲೆ ಕಲೆ ಹುಡುಕ್ತಾಳಂತೆ ಸೂಳೆಮುಂಡೆ!"

ಫೆರೂಜಾ ಕೊಡ ತೊಳೆದು, ತುಂಬಿಕೊಂಡು ಬಂದಳು. ಸುಳ್ಳು ಎಂಬ ಮಾತು ಆ ಹೆಸರಿನ ಪಕ್ಕದಲ್ಲಿ ತನ್ನ ಬಾಯಿಂದಲೇ ಬಂದಿತಲ್ಲ ಎಂದು ಅವಳಿಗೇ ಮೈ ಜುಮ್ಮೆಂದಿತ್ತು.

ಅಂದೇ ಮಧ್ಯಾಹ್ನ ಕಟ್ಟೆ ಸೇರಿತು. ಮನೆಯ ಹೆಂಗಸಿನ ನಾಲಗೆಗೆ ಮನೆಯ ಗಂಡಸು ಜವಾಬು ಕೊಡಬೇಕು. ಹೊಸೀನ್ ಹೋದ. ಹೆಂಗಸರು ಕಟ್ಟೆಗೆ ಹೋಗುವಂತಿಲ್ಲ. ಫೆರೂಜಾ ಓಣಿಯ ತಿರುವಿನಲ್ಲಿ ಗೋಡೆಗಾತು ನಿಂತಳು. ನೋಡಲು ಆಗುತ್ತಿರಲಿಲ್ಲ, ಎಲ್ಲ ಕೇಳುತ್ತಿತ್ತು.

"ಅತ್ತಿಗೆ ಪರವಾಗಿ ತಪ್ಪಾಯ್ತು ಅನ್ನು. ದಾ ತಾಹರನ ತೋಳಿಗೆ ಮುತ್ತು ಕೊಡು. ಮುಗೀತು" ಎಂದಿತು ಒಂದು ಹಿರಿಯ ದನಿ.

ಹೊಸೀನನ ದನಿ ಕೇಳಿತು. "ಕೊಡ್ತೀನಿ. ನೂರು ಸಲ ಕೊಡ್ತೀನಿ. ಆದ್ರೆ ತಗಡು ಇರ್ಲಿಲ್ಲ. ಇಲ್ಲಿ ಕೂತಿರೋ ಗಾಣದೋರಿಗೆಲ್ಲ ಗೊತ್ತು. ಏ ರಾಬಾಹ್, ನೀನೇ ಅಲ್ವೇನೋ ಬೋಲ್ಟು ಬಿಚ್ಚಿದ್ದು? ಹೇಳೋ!"

ಮೊದಲ ಏಟು ರಾಬಾಹನದೇ. ಅದು ಅವಳಿಗೆ ಆಮೇಲೆ ತಿಳಿಯಿತು. ಆಗ ಕೇಳಿದ್ದು ಸದ್ದು ಮಾತ್ರ. ಕಾಯಿ ಉದುರಿಸುವ ಉದ್ದನೆ ಕೋಲುಗಳನ್ನು ಗಂಡಸರು ಕಟ್ಟೆಯ ಗೋಡೆಗೆ ಒರಗಿಸಿ ಬಂದಿದ್ದರು. ಆ ಕೋಲುಗಳ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಕೊಂಬೆಗೆ ಬಿದ್ದರೆ ಸದ್ದು ಒಣಗಿರುತ್ತದೆ. ಇದು ಒದ್ದೆಯಾಗಿತ್ತು. ಹೊಸೀನ್ ಮೊದಲು ಬೈದ, ಆಮೇಲೆ ಅಣ್ಣನ ಹೆಸರು ಕೂಗಿದ, ಆಮೇಲೆ ಕೂಗಲಿಲ್ಲ. ಹೊಡೆದವರು ಹೊರಗಿನ ರೌಡಿಗಳಲ್ಲ. ಅವನ ಜೊತೆ ಒಂದೇ ತಟ್ಟೆಯಲ್ಲಿ ತಿಂದವರು.

ಎಲ್ಲ ಮುಗಿದ ಮೇಲೆ ದಾ ತಾಹರನ ದನಿ ಕೇಳಿತು. "ಸಾಕು ಬಿಡ್ರೋ. ಎಷ್ಟಾದ್ರೂ ಮಗು."

ಅವನನ್ನು ತಂದು ಹೊಸಿಲಿಗೆ ಹಾಕಿ ಹೋದರು. ದವಡೆ ಪಕ್ಕಕ್ಕೆ ಸರಿದಿತ್ತು. ಪಕ್ಕೆ ಮುಟ್ಟಿದರೆ ಒಳಗೆ ಏನೋ ಅಲ್ಲಾಡುತ್ತಿತ್ತು. ಹಿಂದೆಯೇ ಊರಿನ ಡಂಗುರದವನು ಓಣಿಯಲ್ಲಿ ಸಾರಿಕೊಂಡು ಹೋದ. ಆ ಮನೆಯವರ ಜೊತೆ ಮಾತಿಲ್ಲ. ಬೆಂಕಿ ಕೊಡುವಂತಿಲ್ಲ, ಉಪ್ಪು ಕೊಡುವಂತಿಲ್ಲ. ಸತ್ತರೆ ಹೊರಲು ಹೆಗಲಿಲ್ಲ.

ಬಹಿಷ್ಕಾರ ಹಾಕಿದ ಊರಲ್ಲಿ ಎಲ್ಲರೂ ಕುರುಡರಾಗುತ್ತಾರೆ. ಫೆರೂಜಾ ಬುಗ್ಗೆಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಏಳುತ್ತಿದ್ದರು. ಅವಳು ಬೆಂಕಿ ಆರದಂತೆ ಕೆಂಡದ ಮೇಲೆ ಬೂದಿ ಮುಚ್ಚಿ ಕಾಯುತ್ತ, ರೊಟ್ಟಿಯನ್ನು ಆಡಿನ ಹಾಲಿನಲ್ಲಿ ಕಿವುಚಿ ಮೈದುನನ ಬಾಯಿಗೆ ಬಿಡುತ್ತಿದ್ದಳು.

"ನಿನ್ನ ರೊಟ್ಟಿ ಮೊದ್ಲೇ ಅಗಿಯಕ್ಕಾಗ್ತಿರ್ಲಿಲ್ಲ ಅತ್ತಿಗೆ. ಈಗ ದವಡೆನೇ ಇಲ್ಲ. ಒಳ್ಳೇದೇ ಆಯ್ತು" ಎಂದ ಹೊಸೀನ್, ತುಟಿ ಅಲ್ಲಾಡಿಸದೆ.

ಅವಳು ನಕ್ಕಳು. ನಗುತ್ತ ನಗುತ್ತ ಅಳು ಬಂತು. "ಅಪ್ಪ ಸಾಯೋವಾಗ ನನ್ ಕೈ ಹಿಡ್ಕೊಂಡು, ಆ ಮನುಷ್ಯನ ಋಣ ಮರೀಬೇಡ ಅಂದಿದ್ದ ಕಣೋ. ನಾನು ಮರ್ತೆನಾ?"

ಹೊಸೀನ್ ಪಕ್ಕೆ ಹಿಡಿದುಕೊಂಡು ಅವಳ ಕಡೆ ಹೊರಳಿದ. "ನಿಮ್ಮಪ್ಪನ್ನ ಉಳ್ಸಿದ್ದಕ್ಕೆ ನಮ್ಮಣ್ಣನ್ನ ತಗೋ ಅಂತ ನಿಮ್ಮಪ್ಪ ಹೇಳಿದ್ನಾ?"

ಅವಳು ಕಣ್ಣೊರೆಸಿಕೊಂಡಳು, ಆ ಋಣದ ಮಾತನ್ನು ಮತ್ತೆ ಎತ್ತಲಿಲ್ಲ.

ಬೆಲ್ಟಿನ ಮಗ್ಗುಲ ಜಾಗಕ್ಕೆ ರಾಬಾಹ್ ಬಂದಿದ್ದ. ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ಹಳ್ಳದ ಕಡೆಯಿಂದ ಕಿರುಚಾಟ ಕೇಳಿತು. ಒಂದೇ ಕೂಗು, ಉದ್ದವಾದದ್ದು. ಫೆರೂಜಾ ಹೊರಗೆ ಬರುವಷ್ಟರಲ್ಲಿ ಗಂಡಸರು ಬಾಗಿಲು ಕಿತ್ತು ಅದರ ಮೇಲೆ ಅವನನ್ನು ಮಲಗಿಸಿಕೊಂಡು ಪೇಟೆಯ ದಾರಿ ಹಿಡಿದು ಓಡುತ್ತಿದ್ದರು. ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ. ಚರ್ಮ ನೇತಾಡುತ್ತಿತ್ತು.

ಯೆಮ್ಮಾ ಜೂಹರ್ ಮಗನ ಹಿಂದೆ ಓಡಿ, ಕೆಸರಲ್ಲಿ ಬಿದ್ದು, ಎದ್ದಳು. ಅಲ್ಲೇ ನಿಂತು ಕಿವಿಗೊಟ್ಟಳು. ಆಮೇಲೆ ತಿರುಗಿ ಬಂದು ಬಹಿಷ್ಕಾರದ ಮನೆಯ ಬಾಗಿಲು ಬಡಿದಳು.

"ಫೆರೂಜಾ! ಲೇ ಫೆರೂಜಾ! ಕೇಳ್ತಾ ಐತೇನೇ?"

ಫೆರೂಜಾಳಿಗೆ ಮಳೆಯ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿತು. ಟುಕು ಟುಕು ಟುಕು. ಗಾಣದ ಇಂಜಿನ್ನು.

"ನಿಲ್ಸಿಲ್ಲ ಕಣೇ!" ಮುದುಕಿಯ ಬಾಯಿ ಗವಿಯಂತೆ ತೆರೆದಿತ್ತು. "ನನ್ ಮಗನ ಮಾಂಸ ಆ ಗಾಲಿಗೆ ಅಂಟ್ಕೊಂಡೈತೆ, ಇನ್ನೂ ತಿರುಗ್ತಾನೇ ಐತೆ!"

ಫೆರೂಜಾ ಒಳಗೆ ಹೋಗಿ ಸೌದೆ ಕಡಿಯುವ ಕೈಕೊಡಲಿ ತಂದಳು. ಬುಗ್ಗೆಯ ಬಳಿ ಹಾದಾಗ ಅಲ್ಲಿದ್ದ ಹೆಂಗಸರು ಕೊಡ ಎತ್ತಲಿಲ್ಲ, ಕೊಡ ಬಿಟ್ಟೇ ಎದ್ದರು. ಯಾರೂ ಯಾರನ್ನೂ ಕರೆಯಲಿಲ್ಲ. ಹಳ್ಳಕ್ಕೆ ಇಳಿಯುವ ದಾರಿ ತುಂಬಿತು.

ದಾ ತಾಹರ್ ಗಾಣದ ಬಾಗಿಲಲ್ಲಿ ನಿಂತಿದ್ದ. ಬಲಗೈಯಲ್ಲಿ ಊರುಗೋಲು.

"ಎಲ್ಲಿಗೆ? ಅರೆದ ಕಾಯಿ ಅರ್ಧಕ್ಕೆ ಬಿಟ್ರೆ ಕೆಟ್ಟೋಗ್ತದೆ, ಅದಕ್ಕೆ ಓಡಿಸ್ತಿದೀನಿ. ನಿಮ್ಮದೇ ಮನೆ ಎಣ್ಣೆ ಇರೋದು ಇದರಾಗೆ. ಹೋಗ್ರಿ ಮನೆಗೆ."

"ತಗಡು ಹಾಕ್ಸು" ಅಂದಳು ಫೆರೂಜಾ.

"ನೀನು ನಂಗೆ ಹೇಳ್ಕೊಡ್ತೀಯ? ಈ ಮಣ್ಣಿಗೆ ಕೈ ಕೊಟ್ಟೋನು ನಾನು! ಕಾಣಲ್ವಾ ನಿನ್ ಕಣ್ಣಿಗೆ?" ಅವನು ಖಾಲಿ ತೋಳು ಅವಳ ಮುಖಕ್ಕೆ ಹಿಡಿದ.

"ಕಾಣ್ತದೆ. ಅದನ್ನ ಕೊಟ್ಟದ್ದು ನೀನು. ನನ್ ಗಂಡಂದೂ ರಾಬಾಹಂದೂ ಕೈ ಕೊಟ್ಟದ್ದು ಯಾರು? ಅವರು ಕೊಡ್ಲಿಲ್ಲ. ನೀನು ಕಿತ್ಕೊಂಡೆ."

ಅವಳು ಅವನ ಖಾಲಿ ಮಗ್ಗುಲಿನಿಂದ ನುಗ್ಗಿದಳು. ಆ ಕಡೆ ತಡೆಯಲು ಅವನಿಗೆ ಕೈ ಇರಲಿಲ್ಲ. ಒಳಗೆ ಬೆಲ್ಟು ಓಡುತ್ತಿತ್ತು. ಗಾಲಿಯ ಅಂಚಿನಲ್ಲಿ ಕೆಂಪು ಬಟ್ಟೆಯ ಚೂರೊಂದು ಸುತ್ತುತ್ತಿತ್ತು. ಅವಳು ಕೊಡಲಿ ಎತ್ತಿ ಹೊಡೆದಳು. ಮೊದಲ ಏಟಿಗೆ ಕೊಡಲಿ ಜಾರಿತು. ಎರಡನೆಯದಕ್ಕೆ ಚರ್ಮ ಕಚ್ಚಿತು. ಆಮೇಲೆ ಬೆಲ್ಟು ತಾನೇ ಹರಿದು, ಹಾವಿನಂತೆ ಎದ್ದು, ಅವಳ ಕೆನ್ನೆಯನ್ನು ಬಾಯಿಂದ ಕಿವಿಯವರೆಗೆ ಸೀಳಿ ಗೋಡೆಗೆ ಬಡಿದು ಬಿತ್ತು. ಕಲ್ಲು ಎರಡು ಸುತ್ತು ಸುಮ್ಮನೆ ಉರುಳಿ ನಿಂತಿತು. ಯಾರೋ ಇಂಜಿನ್ನು ಆರಿಸಿದರು.

ದಾ ತಾಹರ್ ಬಂದವನೇ ಊರುಗೋಲಿನಿಂದ ಹೊಡೆದ. ಅವಳು ಬಿದ್ದಳು. ಬಿದ್ದವಳ ಬೆನ್ನಿಗೆ ಹೊಡೆದ, ಕೈಗೆ ಹೊಡೆದ, ತಲೆಗೆ ಹೊಡೆದ. ಇಲ್ಲಿಯವರೆಗೆ ಅವನು ಯಾರ ಮೇಲೂ ಕೈ ಎತ್ತಿದ್ದನ್ನು ಊರು ಕಂಡಿರಲಿಲ್ಲ. ಅವನಿಗೆ ಎತ್ತುವ ಅಗತ್ಯವೇ ಬಿದ್ದಿರಲಿಲ್ಲ, ಬೇರೆಯವರು ಎತ್ತುತ್ತಿದ್ದರು.

"ನಿಮ್ಮಪ್ಪನ್ನ... ಹೊತ್ತೋನು... ನಾನು!" ಒಂದೊಂದು ಏಟಿಗೆ ಒಂದೊಂದು ಮಾತು.

ಯೆಮ್ಮಾ ಜೂಹರ್ ಬಂದು ಫೆರೂಜಾಳ ಮೇಲೆ ಅಡ್ಡ ಬಿದ್ದಳು. ಕೋಲು ಮುದುಕಿಯ ಹೆಗಲಿಗೆ ಬಿತ್ತು. ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಏಟಿಗೆ ಜಾಗವಿಲ್ಲದಂತಾಯಿತು. ದಾ ತಾಹರ್ ಏದುಸಿರು ಬಿಡುತ್ತ ಗಾಣದ ಗಂಡಸರ ಕಡೆ ತಿರುಗಿದ.

"ಎಳೀರೋ ಇವರನ್ನ ಆಚೆಗೆ!"

ಗಂಡಸರು ನಿಂತಲ್ಲೇ ನಿಂತರು. ಆ ಹೆಂಗಸರಲ್ಲಿ ಅವರವರ ಅವ್ವಂದಿರಿದ್ದರು, ಹೆಂಡಿರಿದ್ದರು.

"ಆಗ್ಲಿ, ನಿಮ್ಮನ್ನ ಆಮೇಲೆ ನೋಡ್ಕೊಳ್ತೀನಿ. ಪೊಲೀಸರು ಬಂದು ಈ ರಂಡೆನ ಒಯ್ತಾರೆ. ಸಾಲೆಂ! ಬೆಲ್ಟು ಹೊಲಿ. ಕತ್ಲಾಗೋದ್ರೊಳಗೆ ಗಾಣ ತಿರುಗ್ಬೇಕು."

ಮುದುಕ ಸಾಲೆಂ ಮೂಲೆಯಿಂದ ದಬ್ಬಳ ತಂದ. ಚರ್ಮದ ದಾರ ತಂದ. ಹರಿದ ಬೆಲ್ಟಿನ ಎರಡು ತುದಿಗಳನ್ನು ಎಳೆದು ಮಂಡಿಯ ಮೇಲಿಟ್ಟುಕೊಂಡು ಕೂತ. ಅವನು ಊರಿನ ಯಾವ ಪಂಚಾಯಿತಿಯಲ್ಲೂ ಬಾಯಿ ತೆರೆದವನಲ್ಲ. ದಾರಕ್ಕೆ ಮೇಣ ತಿಕ್ಕಿದ. ದಬ್ಬಳಕ್ಕೆ ಪೋಣಿಸಿದ. ಒಂದು ತೂತು ಚುಚ್ಚಿದ. ಗಾಣದೊಳಗೆ ಮಳೆಯ ಸದ್ದು ಬಿಟ್ಟರೆ ಫೆರೂಜಾ ರಕ್ತ ಉಗುಳುವ ಸದ್ದು.

ಸಾಲೆಂ ದಬ್ಬಳವನ್ನು ಚರ್ಮದಿಂದ ಹೊರಗೆಳೆದು ನೆಲಕ್ಕಿಟ್ಟ.

"ತಗಡು ಕೂರ್ಲಿ, ದಾ ತಾಹರ್. ಆಮೇಲೆ ಹೊಲೀತೀನಿ."

"ಏನಂದೆ?"

ಎರಡನೇ ಸಲ ಹೇಳಲು ಮುದುಕನಿಂದಾಗಲಿಲ್ಲ. ಅವನ ಹಿಂದೆ ನಿಂತಿದ್ದ ಬುಟ್ಟಿ ಹೊರುವವನು ಅದನ್ನೇ ಹೇಳಿದ. "ತಗಡು ಕೂರ್ಲಿ."