ಜಾಬ್ ಬಂದ್

ಜಹೀರಾಬಾದಿನ ಕಾಲೇಜಿನವರು ನನಗೆ ಕೊಟ್ಟ ಅಧಿಕಾರ ಒಂದೇ: ಬ್ಯಾಕಪ್ ಶುರು ಮಾಡುವುದು. ನಿಲ್ಲಿಸುವ ಬಟನ್ ನನ್ನ ಪರದೆಯ ಮೇಲೂ ಇದೆ, ಆದರೆ ಬೂದಿ ಬಣ್ಣದಲ್ಲಿದೆ. ಎಷ್ಟು ಒತ್ತಿದರೂ ಅಲುಗುವುದಿಲ್ಲ. ಎರಡು ಸಲ ಹೈದರಾಬಾದಿನ ಹೆಡ್ ಆಫೀಸಿಗೆ ಬರೆದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ತಾಂಡೂರಿನ ಪ್ರಮೋದ. ಫೋನಿನಲ್ಲಿ ಉತ್ತರ ಕೊಟ್ಟ.

"ನಿಲ್ಲಿಸೋದು ಒಂದೇ ಬ್ಯಾರೆ ಕೊಡಾಕ ಬರಲ್ರಿ. ಅದರ ಸಂಗಟ ಅಳಿಸೋದೂ ಬರ್ತದ. ನೀವು ಎಲ್ಲಾ ಅಳಿಸಿಬಿಟ್ರ?"

"ನಾ ಯಾಕ ಅಳಿಸ್ಲಿ?"

"ನೀವು ಆಪರೇಟರ್ ಅದೀರಿ. ಅಷ್ಟೇ."

ಬಂಡಿ ಹೂಡುವವನು ಜಹೀರಾಬಾದಿನಲ್ಲಿ, ಹಗ್ಗ ಹಿಡಿಯುವವನು ನೂರು ಕಿಲೋಮೀಟರ್ ಆಚೆ. ಇಂಥ ಬಂಡಿಯನ್ನು ನಮ್ಮ ಮೊಗುಡಂಪಲ್ಲಿಯಲ್ಲಿ ಹುಚ್ಚನೂ ಹತ್ತುವುದಿಲ್ಲ.

ತೆಲಂಗಾಣಕ್ಕಾಗಿ ಬಂದ್ ಕರೆದಿದ್ದ ದಿನ. ಬಸ್ಸಿಲ್ಲ, ಪಾಠವಿಲ್ಲ. ಆದರೆ ಪ್ರಾಕ್ಟಿಕಲ್ ಅಂಕಗಳು ಮರುದಿನವೇ ಯೂನಿವರ್ಸಿಟಿಗೆ ಹೋಗಬೇಕಿದ್ದರಿಂದ ನಾನೂ ಉಮಾಬಾಯಿಯೂ ಹಿಂದಿನ ಬಾಗಿಲಿನಿಂದ ಒಳಗೆ ಬಂದಿದ್ದೆವು. ಉಮಾಬಾಯಿ ಟೈಪ್ ಮಾಡುವವಳು. ಕಾಯಂ ಆಗಿಲ್ಲ. ಒಂದು ನೋಟಿಸ್ ಆಗಲೇ ಬಂದಿತ್ತು. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುತ್ತೇವೆ ಎಂದಿದ್ದರು.

ಹನ್ನೊಂದೂವರೆಗೆ ಆಕೆ ಮುಖ ಬಿಳಿಚಿಕೊಂಡು ಬಂದಳು.

"ತುಳಜಪ್ಪಣ್ಣ, ಶ್ರೀಪ್ರಿಯಾಗ ನಲ್ವತ್ತೆಂಟು ಇತ್ತು. ಈಗ ಒಂಬತ್ತು ತೋರಸ್ತದ."

ಅಂಕದ ಕಾಲಂ ಒಂದನ್ನೇ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಬಿಟ್ಟಿದ್ದಳು. ಹೆಸರುಗಳು ಇದ್ದಲ್ಲೇ ಉಳಿದಿದ್ದವು. ಸೇವ್ ಮಾಡಿ ಮುಚ್ಚಿದ್ದೂ ಆಗಿತ್ತು. ಇನ್ನೂರ ಹನ್ನೆರಡು ಮಕ್ಕಳ ಅಂಕಗಳು ಅದಲುಬದಲು. ಮೇಷ್ಟ್ರುಗಳು ನೇರವಾಗಿ ಕಂಪ್ಯೂಟರಿಗೇ ತುಂಬಿದ್ದರಿಂದ ಕಾಗದದ ಪಟ್ಟಿಯೂ ಇಲ್ಲ. ಸರಿಯಾದ ಪ್ರತಿ ಉಳಿದಿದ್ದದ್ದು ನಿನ್ನೆಯ ಬ್ಯಾಕಪ್ಪಿನಲ್ಲಿ ಮಾತ್ರ. ಹನ್ನೆರಡಕ್ಕೆ ಬ್ಯಾಕಪ್, ಕಂಪ್ಯೂಟರಿನವರ ಮಾತಿನಲ್ಲಿ 'ಜಾಬ್', ತಾನಾಗಿ ನಡೆದು, ಆ ಪ್ರತಿಯ ಮೇಲೆ ಈ ಕೆಟ್ಟದ್ದನ್ನು ಬರೆಯುವುದಿತ್ತು.

ಪ್ರಮೋದನಿಗೆ ಫೋನ್ ಹಚ್ಚಿದೆ. ಅವನ ಸುತ್ತ ಮೆರವಣಿಗೆಯ ಗದ್ದಲ.

"ಸಾಬ್, ಹನ್ನೆರಡರ ಜಾಬ್ ಬಂದ್ ಮಾಡ್ರಿ. ಅರ್ಜೆಂಟ್ ಅದ."

"ಬಂದೇ ಅದರಿ. ಹನ್ನೆರಡಕ್ಕ ಏನು, ದಿನ ಪೂರಾ ಬಂದ್."

"ಖರೇ?"

"ಒಂದು ಜಾಬೂ ನಡ್ಯಾಂಗಿಲ್ಲ. ನಿಶ್ಚಿಂತಿ ಇರ್ರಿ. ಜೈ ತೆಲಂಗಾಣ."

ನಾನೂ ಜೈ ಎಂದು ಫೋನ್ ಇಟ್ಟೆ. ಉಮಾಬಾಯಿ ಮುಖ ತೊಳೆದು ಬಂದು ಫ್ಲಾಸ್ಕಿನಿಂದ ಚಹಾ ಬಸಿದಳು. ಕುಡಿಯುತ್ತ ಪರದೆ ನೋಡಿದರೆ, ಹನ್ನೆರಡರ ಜಾಬ್ ಹಾಗೆಯೇ ಕೂತಿದೆ. ನಾಲ್ಕು ನಿಮಿಷ ಉಳಿದಿತ್ತು. ಆಗ ತಲೆಗೆ ಹೊಳೆಯಿತು. ನಾನು ಹೇಳಿದ್ದು ಬ್ಯಾಕಪ್ಪಿನ ಜಾಬು, ಅವನು ತಿಳಿದದ್ದು ಮಂದಿಯ ನೌಕರಿ. ಮತ್ತೆ ಹಚ್ಚಿದೆ. ಸ್ವಿಚ್ ಆಫ್.

"ನೀವೇ ನಿಲ್ಲಸ್ರಲ್ಲಣ್ಣ."

"ನನಗ ಆಗಂಗಿಲ್ಲವ್ವ."

"ಬರಂಗಿಲ್ಲೇನು?"

"ಬರ್ತದ. ಅವರು ಬಿಡಂಗಿಲ್ಲ."

ಹೀಗೆಂದ ನನ್ನ ಮಾತು ನನಗೇ ಕಪಾಳಕ್ಕೆ ಹೊಡೆದಂತಾಯಿತು. ಎದ್ದು ಹೋಗಿ, ಬ್ಯಾಕಪ್ ಪ್ರತಿ ಇರುವ ಪೆಟ್ಟಿಗೆಯ ಹಿಂದಿನ ತಂತಿಯನ್ನು ಕಿತ್ತೆ. ಹನ್ನೆರಡಾಯಿತು. ಪರದೆಯ ಮೇಲೆ ಕೆಂಪಕ್ಷರ: ಜಾಬ್ ವಿಫಲ. ಅಷ್ಟು ಚಂದದ ಅಕ್ಷರ ನಾನು ನೋಡಿಲ್ಲ.

ಮರುದಿನ ಬೆಳಿಗ್ಗೆ ಪ್ರಮೋದ ಅಲ್ಲಿಂದಲೇ ಜಾಬ್ ನಿಲ್ಲಿಸಿ, ನನ್ನಿಂದ ತಂತಿ ಹಾಕಿಸಿ, ಹಳೆಯ ಪ್ರತಿ ಮರಳಿಸಿದ. ಅಂಕಗಳು ಹೊತ್ತಿಗೆ ಹೋದವು. ವಾರದ ಮೇಲೆ ಹೆಡ್ ಆಫೀಸಿನಿಂದ ನನಗೆ ಮೆಮೊ ಬಂತು. ಆಪರೇಟರ್ ರೋಲ್ ಮೀರಿ ಕೆಲಸ ನಿಲ್ಲಿಸಿದ್ದೇಕೆ? ಫೈಲ್ ಕೆಡಿಸಿದವರ ಹೆಸರೇನು?

ಉತ್ತರವನ್ನು ನಾನು ಹೇಳುತ್ತ ಹೋದೆ, ಉಮಾಬಾಯಿ ಟೈಪ್ ಮಾಡಿದಳು. "ನಾನು ಯಾವ ಜಾಬನ್ನೂ ನಿಲ್ಲಿಸಿಲ್ಲ, ನಿಲ್ಲಿಸುವ ಹಕ್ಕು ನೀವು ಕೊಟ್ಟಿಲ್ಲ. ತಂತಿ ಕಿತ್ತಿದ್ದೇನೆ. ನಾಳೆ ಹೀಗೇ ಆದರೆ ನಾಳೆಯೂ ಕೀಳುತ್ತೇನೆ. ಹೆಸರು ಬೇಕಿದ್ದರೆ ನನ್ನದನ್ನು ಬರೆದುಕೊಳ್ಳಿ."

ಆಕೆಯ ಬೆರಳು ನಿಂತವು. "ಅಣ್ಣ, ನನ್ನ ಹೆಸರು?"

"ಅದನ್ನ ಹಾಕೋ ಅಧಿಕಾರ ನಿನಗ ಕೊಟ್ಟಿಲ್ಲ. ಕೆಳಗ ತುಳಜಪ್ಪ ಅಂತ ಹೊಡಿ."