ಮಾವನ ಮೂಗಿಗೆ ಪಾಠ

ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಬೇಕರಿ ಮನೆಯ ಸೊಸೆಯ ಪಕ್ಕದ ಸೀಟು ಮಾತ್ರ ಖಾಲಿಯೇ ಇರುತ್ತಿತ್ತು. ಅವಳು ಹತ್ತಿದ ಸ್ವಲ್ಪ ಹೊತ್ತಿಗೆ ಯಾರೋ ಕಿಟಕಿ ಸರಿಸುತ್ತಿದ್ದರು, ಇನ್ಯಾರೋ ತಮ್ಮ ಬೂಟಿನ ಅಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಅವಳು ಮುಖವನ್ನು ಬಿಗಿಹಿಡಿದು ಹೊರಗೆ ನೋಡುತ್ತಿದ್ದಳು. ನಾರುತ್ತಿರುವುದು ತಾನೇ ಎಂದು ಯಾರಾದರೂ ಎದ್ದು ನಿಂತು ಹೇಳುವುದಕ್ಕಾಗುತ್ತದೆಯೆ?

ಅವಳದು ಗಿಡಮೂಲಿಕೆಗಳ ಪ್ರಯೋಗಾಲಯದಲ್ಲಿ ಕೆಲಸ. ಬೇರು, ತೊಗಟೆ, ಎಲೆಗಳನ್ನು ಮದ್ಯಸಾರದಲ್ಲಿ ನೆನೆಸಿ, ಸತ್ವ ಇಳಿಸಿ, ಅದರಲ್ಲಿ ಕಲಸಿಕೊಂಡಿರುವ ಹತ್ತಾರು ಅಂಶಗಳನ್ನು ಒಂದೊಂದಾಗಿ ಬಿಡಿಸಿ, ಯಾವುದು ಮೈಗೆ ಏನು ಮಾಡುತ್ತದೆ ಎಂದು ನೋಡುವುದು. ಆ ವರ್ಷ ಅವಳ ಪಾಲಿಗೆ ಬಂದದ್ದು ವಲೇರಿಯನ್ ಎಂಬ ಗಿಡದ ಬೇರು. ನಿದ್ದೆ ಬಾರದವರು ಹಿಂದಿನಿಂದಲೂ ಕುದಿಸಿ ಕುಡಿಯುತ್ತ ಬಂದದ್ದು. ಅದರಲ್ಲಿರುವ ಒಂದು ಆಮ್ಲ ಮಿದುಳಿನ ಗಡಿಬಿಡಿಯನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಕೆಲವರು ಹೇಳುತ್ತಿದ್ದರು, ಅಷ್ಟೇನಿಲ್ಲ ಎಂದು ಇನ್ನು ಕೆಲವರು. ಎರಡರಲ್ಲಿ ಯಾವುದು ಸರಿ ಎಂದು ನೋಡುವುದು ಅವಳ ಕೆಲಸ. ತೊಂದರೆ ಏನೆಂದರೆ, ಬೇರು ಒಣಗುತ್ತ ಒಣಗುತ್ತ ಅದರಲ್ಲಿ ಇನ್ನೊಂದು ಆಮ್ಲವೂ ತಲೆಯೆತ್ತುತ್ತದೆ. ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆ ಅದಕ್ಕೆ. ಸೋಪು ಹಾಕಿ ತಿಕ್ಕಿದರೂ ಬಿಡದು, ಕೂದಲಿಗೆ ಹತ್ತಿಕೊಂಡರಂತೂ ದೇವರೇ ಗತಿ.

ಮನೆಯವರು ಒಳ್ಳೆಯವರು. ಆದರೆ ಮೂಗು ಎಲ್ಲರಿಗೂ ಇದೆಯಲ್ಲ. ಅತ್ತೆ ಸಂಜೆಯಾದರೆ ಟವೆಲ್ಲು ಹಿಡಿದು ಬಾಗಿಲಲ್ಲೇ ಸಿದ್ಧರಾಗಿರುತ್ತಿದ್ದರು. "ಬೇಜಾರ್ ಮಾಡ್ಕೋಬೇಡ ಕಣಮ್ಮ, ಮೊದಲು ಸ್ನಾನ, ಆಮೇಲೆ ಮಾತು" ಎನ್ನುತ್ತಿದ್ದರು. ಬೇಕರಿ ನೋಡಿಕೊಳ್ಳುವ ಗಂಡನದು ಇನ್ನೊಂದು ವರಸೆ. "ನಿನ್ ಮೇಲೆ ನಂಗೆ ಪ್ರಾಣ. ಆದ್ರೆ ಆ ಕೋಟು ಮಾತ್ರ ಹಿತ್ತಿಲಲ್ಲೇ ಇರ್ಲಿ."

ಹೀಗಾಗಿ ಅವಳು ಹಿತ್ತಿಲ ಕಡೆಯಿಂದಲೇ ಮನೆ ಹೊಗುತ್ತಿದ್ದಳು. ಅಲ್ಲಿ ಮೆಟ್ಟಿಲ ಮೇಲೆ ಮಾವ ಕೂತಿರುತ್ತಿದ್ದರು. ಇಡೀ ಊರಿನಲ್ಲಿ ಅವಳ ಪಕ್ಕ ಜರುಗಿ ಜಾಗ ಮಾಡಿಕೊಡುತ್ತಿದ್ದವರೆಂದರೆ ಅವರೊಬ್ಬರೇ. ಅದರಲ್ಲಿ ಔದಾರ್ಯವೇನೂ ಇರಲಿಲ್ಲ. ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಜ್ವರ ಬಂದು ಹೋಗಿತ್ತು. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಜೀವಮಾನವೆಲ್ಲ ಬ್ರೆಡ್ಡು ಬೇಯಿಸಿದ ಮನುಷ್ಯ. ಹಿಟ್ಟು ಹುದುಗಿದ್ದು, ಒಲೆ ಕಾದದ್ದು, ಬೆಣ್ಣೆ ಹಳಸಿದ್ದು, ಎಲ್ಲವನ್ನೂ ಮೂಗಿನಿಂದಲೇ ಓದುತ್ತಿದ್ದವರು. ಚೇತರಿಸಿಕೊಂಡ ಮೇಲೆ ಒಂದು ಮುಂಜಾನೆ ಬೇಕರಿಗೆ ಹೋಗಿ, ಒಲೆಗೆ ಬೆನ್ನು ಹಾಕಿ ಹಿಟ್ಟು ನಾದುತ್ತ ನಿಂತಿದ್ದರಂತೆ. ಹೊಗೆ ಕಣ್ಣಿಗೆ ಚುಚ್ಚಿದಾಗಲೇ ಅವರಿಗೆ ಗೊತ್ತಾದದ್ದು. ಒಲೆಯ ತುಂಬ ಇದ್ದಿಲಾದ ಬ್ರೆಡ್ಡು. ಮಗ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವರಿಗೆ ತಡೆಯದಾಯಿತು. ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಮನೆಗೆ ಬಂದವರು ಮತ್ತೆ ಅತ್ತ ತಲೆ ಹಾಕಲಿಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತು. "ಒದ್ದೆ ಕಾಗದ ಅಗಿದ ಹಾಗಿದೆ" ಎಂದು ತಟ್ಟೆ ಸರಿಸುತ್ತಿದ್ದರು. ಅಂಗಿಯ ಕಾಲರು ದಿನೇದಿನೇ ಅಗಲವಾಗುತ್ತಿತ್ತು.

ಸೊಸೆ ಅವರನ್ನು ಮೂಗಿನ ವೈದ್ಯೆಯ ಬಳಿಗೆ ಕರೆದೊಯ್ದಳು. ಟಾರ್ಚು ಬಿಟ್ಟು ಒಳಗೆಲ್ಲ ನೋಡಿದ ಆಕೆ, ಕೊಡುವುದಕ್ಕೆ ಮಾತ್ರೆ ಏನಿಲ್ಲ, ಅಭ್ಯಾಸವಿದೆ ಎಂದರು. ಲವಂಗ, ನಿಂಬೆ, ನೀಲಗಿರಿ, ಗುಲಾಬಿ ಈ ನಾಲ್ಕರ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಮೂಸುತ್ತ, ಆ ವಾಸನೆಯನ್ನು ನೆನಪಿಸಿಕೊಳ್ಳುತ್ತ ಹೋಗಬೇಕು. ತಿಂಗಳುಗಟ್ಟಲೆ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ.

"ಈ ವಯಸ್ಸಲ್ಲಿ ಮೂಗಿಗೆ ಟ್ಯೂಷನ್ನಾ?" ಎಂದರು ಮಾವ, ಮನೆಗೆ ಬರುವ ದಾರಿಯಲ್ಲಿ.

"ಮೇಷ್ಟ್ರು ನಾನೇ. ಫೀಸಿಲ್ಲ."

"ಫೇಲಾದ್ರೆ?"

"ಅದೇ ಕ್ಲಾಸಲ್ಲಿ ಕೂರಿಸ್ತೀನಿ."

ಅವಳು ಪ್ರಯೋಗಾಲಯದಿಂದ ನಾಲ್ಕು ಕಂದು ಸೀಸೆಗಳನ್ನು ಕೇಳಿ ತಂದು, ಎಣ್ಣೆ ತುಂಬಿ, ಪಾಠ ಶುರು ಮಾಡಿದಳು. ಮೊದಮೊದಲು ಮಾವ ಔಷಧಿ ಕುಡಿಯುವ ಮಗುವಿನಂತೆ ಮುಖ ಮಾಡಿ ಮೂಸಿ, "ಇಲ್ಲ" ಎನ್ನುತ್ತಿದ್ದರು. ಮುಂದಿನ ಸೀಸೆ. "ಇಲ್ಲ." ಹೀಗಾದರೆ ಇವರು ವಾರದೊಳಗೆ ಕೈಬಿಡುತ್ತಾರೆ ಎಂದು ಅವಳಿಗನ್ನಿಸಿತು. ಸುಮ್ಮನೆ ಮೂಸುವ ಬದಲು ಸೀಸೆಯಲ್ಲಿರುವವರ ಪರಿಚಯ ಮಾಡಿಕೊಡತೊಡಗಿದಳು.

ಲವಂಗದೊಳಗೆ ಯೂಜಿನಾಲ್ ಎಂಬುದಿದೆ ಮಾವ, ನೋವಿನ ಸುದ್ದಿ ಒಯ್ಯುವ ನರದ ಬಾಯಿ ಮುಚ್ಚಿಸುತ್ತದೆ, ಹಲ್ಲಿನ ಡಾಕ್ಟರು ಈಗಲೂ ಅದನ್ನು ಬಳಸುತ್ತಾರೆ ಎಂದಳು. ನಿಂಬೆಯ ಪರಿಮಳವೆಲ್ಲ ಇರುವುದು ರಸದಲ್ಲಲ್ಲ, ಸಿಪ್ಪೆಯ ಸಣ್ಣ ಚೀಲಗಳಲ್ಲಿ. ಹುಳು ಹತ್ತಿರ ಬಾರದಿರಲಿ ಎಂದು ಗಿಡ ಮಾಡಿಕೊಂಡ ಕಾವಲು ಅದು ಎಂದಳು. ಗಿಡಗಳಿಗೆ ಓಡಲು ಕಾಲಿಲ್ಲ, ಬಯ್ಯಲು ಬಾಯಿಲ್ಲ. ಅದಕ್ಕೇ ಹೀಗೆ ಒಂದೊಂದು ರಸ ಮಾಡಿಟ್ಟುಕೊಂಡಿವೆ, ಅದು ನಮ್ಮ ಮೈಯಲ್ಲೂ ಏನೇನೋ ಕೆಲಸ ಮಾಡಿಬಿಡುತ್ತದೆ, ಒಳ್ಳೆಯದೂ ಉಂಟು, ಪ್ರಮಾಣ ಮೀರಿದರೆ ಕೆಟ್ಟದ್ದೂ ಉಂಟು ಎಂದಳು.

ಮಾವನ ಕಿವಿ ನೆಟ್ಟಗಾಯಿತು. ಕಥೆ ಅಂದರೆ ಅವರಿಗೆ ಮೊದಲಿನಿಂದಲೂ ಇಷ್ಟ. ನೀಲಗಿರಿ ಸೀಸೆ ಮೂಸಿದಾಗ ಒಂದು ದಿನ, "ವಾಸನೆ ಇಲ್ಲ, ಆದ್ರೆ ಒಳಗೆ ತಂಪಾಯ್ತು" ಎಂದರು.

"ತಂಪು ತಿಳಿಯೋ ನರಾನೇ ಬೇರೆ ಮಾವ. ವಾಸನೆ ನರ ಮಲಗಿದೆ, ಇದು ಎದ್ದೇ ಇದೆ."

"ಅಂದ್ರೆ ಮನೇಲಿ ಒಬ್ರಾದ್ರೂ ಎದ್ದಿದಾರೆ ಅನ್ನು. ಕದ ತಟ್ತಾ ಇದ್ರೆ ಇನ್ನೊಬ್ರೂ ಏಳ್ತಾರೆ."

ಅಂದಿನಿಂದ ಪಾಠಕ್ಕೆ ಅವಳಿಗಿಂತ ಮೊದಲೇ ಅವರು ಹಾಜರು. ಸೀಸೆಗಳಿಗೆ ಹೆಸರೂ ಬಿತ್ತು: ಲವಂಗ ಹಲ್ಲಿನ ಡಾಕ್ಟ್ರು, ನಿಂಬೆ ಕಾವಲುಗಾರ, ನೀಲಗಿರಿ ಕಿಟಕಿ ತೆಗೆಯೋನು, ಗುಲಾಬಿ ಮದುಮಗಳು. ಅತ್ತೆ ಒಳಗಿನಿಂದ, "ಮಾವ-ಸೊಸೆ ಇಬ್ರೂ ಸೇರಿ ಯಾರ್ಯಾರ್ನೋ ಮಾತಾಡಿಸ್ತಿದೀರಲ್ಲ, ಊಟಕ್ಕೂ ಕರೀರಿ" ಎಂದು ಛೇಡಿಸುತ್ತಿದ್ದರು.

ತಿಂಗಳುಗಳು ಉರುಳಿದವು. ವಾಸನೆ ಮಾತ್ರ ಬರಲಿಲ್ಲ. ಸೊಸೆ ಒಳಗೊಳಗೇ ಸೋಲುತ್ತಿದ್ದಳು, ತೋರಿಸಿಕೊಳ್ಳುತ್ತಿರಲಿಲ್ಲ. ಮಾವನಿಗೆ ಅದು ಕಾಣಿಸಿತೋ ಏನೋ, ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ಸೀಸೆ ಮೂಸಿದವರೇ ಮುಖ ಅರಳಿಸಿ, "ಬಂತು ಕಣಮ್ಮ. ಮದುಮಗಳು. ಗುಲಾಬಿ, ಗುಲಾಬಿನೇ" ಎಂದರು.

ಅವಳ ಕೈಯಲ್ಲಿದ್ದದ್ದು ನಿಂಬೆಯ ಸೀಸೆ.

ಅವಳು ಸೀಸೆಯ ಚೀಟಿಯನ್ನು ಅವರತ್ತ ತಿರುಗಿಸಿ ಹಿಡಿದಳು. ಮಾವ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

"ಕಾವಲುಗಾರ ಮದುವೆಗೆ ಹೋಗಿದ್ದ ಅಂತ ಕಾಣುತ್ತೆ" ಎಂದರು ಮೆಲ್ಲಗೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಅವಳು, "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಮಾವ. ಇಲ್ಲ ಅಂದ್ರೆ ಇಲ್ಲ. ನನ್ ಕೆಲಸದಲ್ಲಿ ಅರ್ಧಕ್ಕರ್ಧ ಸಲ ಬರೋ ಉತ್ತರ ಅದೇ" ಎಂದಳು. ಮಾವ ತಲೆಯಾಡಿಸಿದರು.

ಅದಾಗಿ ಸ್ವಲ್ಪ ಕಾಲಕ್ಕೆ ಪ್ರಯೋಗಾಲಯದಲ್ಲಿ ಅವಳ ಕೈತಪ್ಪಿ ದೊಡ್ಡದೊಂದು ಫ್ಲಾಸ್ಕು ಮಗುಚಿತು. ಬೇರಿನ ಗಟ್ಟಿ ಸತ್ವವೆಲ್ಲ ಕೋಟು, ತೋಳು, ಪಾದದ ಮೇಲೆ. ತೊಳೆದದ್ದೇ ತೊಳೆದದ್ದು. ಪ್ರಯೋಜನವಾಗಲಿಲ್ಲ. ಅವತ್ತು ಬಸ್ಸಿನಲ್ಲಿ ಕಂಡಕ್ಟರೇ ಬಂದು, "ಮೇಡಂ, ತಪ್ಪು ತಿಳೀಬೇಡಿ, ಬ್ಯಾಗಲ್ಲಿ ಏನಾದ್ರೂ ಸತ್ತಿದೆಯಾ?" ಎಂದು ಕೇಳಿದ. ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು ಉಳಿದ ದಾರಿಯನ್ನು ನಡೆದಳು. ಮೆಟ್ಟಿಲ ಹತ್ತಿರ ಬಂದವಳೇ ಮಾವನ ಪಕ್ಕ ಕುಸಿದು ಕೂತಳು. ಇಲ್ಲೊಬ್ಬರ ಹತ್ತಿರ ತಾನು ನಾರುವುದಿಲ್ಲ ಎಂಬುದೇ ಆ ಹೊತ್ತಿನ ನೆಮ್ಮದಿ.

ಮಾವ ಸುತ್ತ ಒಮ್ಮೆ ನೋಡಿದರು. ಎದ್ದರು. ಎರಡು ಮೆಟ್ಟಿಲು ಮೇಲೆ ಹೋಗಿ, ಬೆನ್ನು ತಿರುಗಿಸಿ ಕೂತರು.

ಅವಳಿಗೆ ಅಳುವೇ ಬಂತು. "ನೀವೂನಾ ಮಾವ?"

"ಏನೋಮ್ಮ, ಗೊತ್ತಿಲ್ಲ. ಎಲ್ಲೋ ಯಾರ್ದೋ ಕಾಲುಚೀಲ..." ಎಂದವರು ಮಾತನ್ನು ಅರ್ಧಕ್ಕೇ ಬಿಟ್ಟು ಇತ್ತ ತಿರುಗಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ನಿಧಾನಕ್ಕೆ ಎದ್ದು, ಕೋಟಿನ ತೋಳನ್ನು ಅವರ ಮೂಗಿನ ಮುಂದೆ ಹಿಡಿದಳು.

"ಸರಿಯಾಗಿ ಮೂಸಿ ಹೇಳಿ. ನನ್ ಸಮಾಧಾನಕ್ಕೆ ಬೇಡ."

ಮಾವ ಕಣ್ಣು ಮುಚ್ಚಿ ಉಸಿರೆಳೆದರು. ಎಳೆದವರು ತಟ್ಟನೆ ಮುಖ ತಿರುಗಿಸಿ ಕೆಮ್ಮಿದರು. ಮತ್ತೆ ತೋಳನ್ನು ತಾವೇ ಹಿಡಿದೆಳೆದುಕೊಂಡು ಇನ್ನೊಮ್ಮೆ ಮೂಸಿದರು. "ಕೆಟ್ಟದಾಗಿದೆ" ಎಂದರು. ದನಿ ಒಡೆದಿತ್ತು. "ಒದ್ದೆ ಕಾಲುಚೀಲ. ಅದರ ಹಿಂದೆ ಹಳೇ ಚೀಸು. ಅಯ್ಯೋ, ಎಷ್ಟು ಕೆಟ್ಟದಾಗಿದೆಯಮ್ಮ ಇದು. ನೀನು ದಿನಾ ಹೀಗೇ ಬರ್ತಿದ್ಯಾ?"

"ದಿನಾ ಮಾವ."

"ಪಾಪ ನಮ್ ಹುಡುಗ" ಎಂದರು ಮಾವ. ಅಷ್ಟು ಹೊತ್ತಿಗೆ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

ಗದ್ದಲ ಕೇಳಿ ಅತ್ತೆ ಟವೆಲ್ಲು ಸಮೇತ ಓಡಿ ಬಂದರು. ಮೆಟ್ಟಿಲ ಮೇಲೆ ಗಂಡ ಸೊಸೆಯ ಕೊಳಕು ತೋಳು ಹಿಡಿದುಕೊಂಡು, "ನಾರ್ತಾಳೆ ಕಣೇ, ನಮ್ ಸೊಸೆ ನಾರ್ತಾಳೆ" ಎಂದು ಸಂಭ್ರಮದಿಂದ ಸಾರುತ್ತಿದ್ದರು. ಸೊಸೆ ಅದಕ್ಕೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಅತ್ತೆಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಅವರು ಮೂಗು ಮುಚ್ಚಿಕೊಳ್ಳದೆಯೇ ಸೊಸೆಯನ್ನು ತಬ್ಬಿಕೊಂಡರು.

ಮೂಗು ಒಂದೇ ದಿನಕ್ಕೆ ಪೂರ್ತಿ ಬರಲಿಲ್ಲ. ಬಂದದ್ದೂ ಸೊಟ್ಟಸೊಟ್ಟಗೆ. ನಿಂಬೆ ಸರಿಯಾಗಿ ಬಂತು. ಲವಂಗ ಕೆಲವು ವಾರ ಸುಟ್ಟ ರಬ್ಬರಿನಂತೆ ಬಂದು, ಆಮೇಲೆ ದಾರಿಗೆ ಬಂತು. ಅದಕ್ಕಿಂತ ದೊಡ್ಡ ಕಾಟವೆಂದರೆ ಮಾವ ಈಗ ಮನೆಯಲ್ಲಿ ಎಲ್ಲದಕ್ಕೂ ಮೂಗು ತೂರಿಸತೊಡಗಿದರು. ದಿಂಬು ಮುಗ್ಗಲು ಎಂದರು. ಅತ್ತೆಯ ಹೊಸ ಸೋಪು ಫಿನಾಯಿಲಿನ ಹಾಗಿದೆ ಎಂದರು. "ಇದಕ್ಕಾ ಅಷ್ಟು ಕಷ್ಟ ಪಟ್ಟಿದ್ದು" ಎಂದು ಅತ್ತೆ ಬಯ್ದರೂ, ಊಟಕ್ಕೆ ಮುಂಚೆ ಅವರೇ ಪಾತ್ರೆಯ ಮುಚ್ಚಳ ತೆಗೆದು ಗಂಡನ ಮುಖದ ಮುಂದೆ ಹಿಡಿಯುತ್ತಿದ್ದರು.

"ನಿಜ ಹೇಳು" ಎಂದು ಒಂದು ಸಂಜೆ ಮಾವ ಸೊಸೆಯನ್ನು ಕೇಳಿದರು. "ನಿನ್ ಎಣ್ಣೆ ವಾಸಿ ಮಾಡಿದ್ದಾ, ತಾನಾಗೇ ಬಂತಾ?"

ಅವಳು ಯೋಚಿಸಿ, "ಒಂದು ಮೂಗಿನಿಂದ ಹೇಳೋಕಾಗಲ್ಲ ಮಾವ. ನೂರಾರು ಮೂಗು ಬೇಕು" ಎಂದಳು.

"ಇರ್ಲಿ ಬಿಡು. ನನಗಿರೋದು ಒಂದೇ. ಅದು ಬಂತು."

ಅವಳಿಗೆ ರಜೆ ಇದ್ದ ಒಂದು ಬೆಳಿಗ್ಗೆ ಮಾವ ತಾವಾಗಿ ಚಪ್ಪಲಿ ಮೆಟ್ಟಿ, "ಬರ್ತೀಯಾ?" ಎಂದರು. ಅವಳು ಹಿಂದೆಯೇ ಹೊರಟಳು. ಬೇಕರಿಯಲ್ಲಿ ಮಗ ಒಲೆಯ ಮುಂದೆ ನಿಂತಿದ್ದ. ಅಪ್ಪನನ್ನು ನೋಡಿ, ದಿನಾ ಬರುವವರೇ ಎಂಬಂತೆ, "ಬಂದ್ರಾ" ಎಂದಷ್ಟೇ ಅಂದು ಪಕ್ಕಕ್ಕೆ ಸರಿದ. ಮಾವ ಕೈ ಹಿಂದೆ ಕಟ್ಟಿಕೊಂಡು, ಮುಖ ಮೇಲೆತ್ತಿ, ಗಾಳಿಯನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತ ನಿಂತರು.

"ತೆಗಿ. ಆಯ್ತು" ಎಂದರು ಕೊನೆಗೆ, ಹಳೆಯ ಗತ್ತಿನಲ್ಲಿ.

ಮಗ ಗಡಿಯಾರದ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಆಮೇಲೆ ಉದ್ದ ಹಿಡಿಯ ಹಲಗೆ ತೂರಿಸಿ ಬ್ರೆಡ್ಡುಗಳನ್ನು ಈಚೆಗೆ ಎಳೆದ. ಮಾವ ಒಂದನ್ನು ಬಟ್ಟೆಯಲ್ಲಿ ಹಿಡಿದು ಮುರಿದರು. ಒಳಗೆ ಪೂರಾ ಹಸಿ, ಹಿಟ್ಟು ದಾರದಂತೆ ಜೋತುಬಿತ್ತು.

ಮಗ ತುಟಿ ಕಚ್ಚಿಕೊಂಡ. ಮೊದಲು ನಕ್ಕವರು ಮಾವನೇ. ಭುಜ ಕುಲುಕುವಂತೆ ನಕ್ಕು, "ಮೂಗು ಇನ್ನೂ ಒಂದನೇ ಕ್ಲಾಸು ಕಣೋ. ಅವಸರ ಜಾಸ್ತಿ" ಎಂದರು.

"ಪರವಾಗಿಲ್ಲ ಅಪ್ಪ, ನಾನು ಕಲಿಯುವಾಗ ನೀವೂ ಹಸಿ ಬ್ರೆಡ್ಡು ತಿಂದಿದೀರಲ್ಲ."

"ಇಲ್ಲಪ್ಪ, ನಿಮ್ಮಮ್ಮನಿಗೆ ತಿನ್ನಿಸ್ತಿದ್ದೆ."

ಉಳಿದವು ಮತ್ತೆ ಒಲೆಯೊಳಗೆ ಹೋದವು. ಮುರಿದದ್ದರ ಮೇಲಿನ ಬೆಂದ ಸಿಪ್ಪೆಯನ್ನು ಮಾವ ಮೂರು ಪಾಲು ಮಾಡಿದರು. ತಮ್ಮ ಪಾಲನ್ನು ಬಾಯಿಗಿಡುವ ಮುಂಚೆ ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ನಿಧಾನವಾಗಿ ಅಗಿದು ತಿಂದು, ಬೆರಳಿನ ಪುಡಿಯನ್ನೂ ಬಿಡದೆ ನೆಕ್ಕಿ, ಸೊಸೆಯ ಕೈಯಲ್ಲಿದ್ದ ತುಂಡಿನ ಮೇಲೆ ಕಣ್ಣು ಹಾಕಿದರು.

"ನೀನು ತಿಂತೀಯಾ ಅದನ್ನ?"

ಅವಳು ಅರ್ಧ ಮುರಿದುಕೊಟ್ಟಳು.