ನಮ್ಮ ಪಾಲಿಗೆ ಸತ್ತ

ರಾತ್ರಿ ಎರಡರ ಹೊತ್ತಿಗೆ ದಿಂಬಿನ ಪಕ್ಕ ಫೋನು ಸಣ್ಣಗೆ ಟಿಣ್ ಎಂದಿತು. ನಾನು ಒಂದೇ ಸದ್ದಿಗೆ ಏಳುವವಳು.

"ನಿಮ್ಮ ಮಿಷನ್ನಾ?" ಗಂಡ ಕಣ್ಣು ಬಿಡದೆಯೇ ಕೇಳಿದರು. "ದೇವರೇ ಏಳನೇ ದಿನ ಕೆಲಸ ನಿಲ್ಲಿಸಿದ ಕಣೇ. ಮಲಗು."

ಸಂದೇಶ ಕಳಿಸಿದವರು ಸಮುದ್ರದಾಚೆಯ ಒಬ್ಬ ನಿವೃತ್ತ ಶಿಕ್ಷಕಿ. ಅವರ ಚರ್ಚಿನವರು ತಂದೆಯಿಲ್ಲದ ಮಕ್ಕಳನ್ನು ಓದಿಸಲೆಂದೇ ಒಂದು ನಿಧಿ ಇಟ್ಟಿದ್ದಾರೆ. ಅದರಿಂದ ನಮ್ಮ ಹಾಸ್ಟೆಲಿನ ಒಬ್ಬ ಹುಡುಗಿಯನ್ನು ಮೂರು ವರ್ಷಗಳಿಂದ ನರ್ಸಿಂಗ್ ಓದಿಸುತ್ತಿರುವವರು ಇವರು. ಹುಡುಗಿಯ ಕಾಗದಗಳನ್ನು ಅವರ ಭಾಷೆಗೂ ಅವರ ಕಾಗದಗಳನ್ನು ನಮ್ಮ ಭಾಷೆಗೂ ತರುವುದು ಮಿಷನ್ ಆಫೀಸಿನಲ್ಲಿ ನನ್ನ ಕೆಲಸ.

'ವಿಮಾನ ಬದಲಿಸುತ್ತಿದ್ದೇನೆ. ಮಧ್ಯಾಹ್ನ ನಿಮ್ಮಲ್ಲಿರುತ್ತೇನೆ. ಎಲ್ಲಕ್ಕಿಂತ ಮೊದಲು ಮಗುವಿನ ತಂದೆಯ ಸಮಾಧಿಗೆ ಹೋಗಿ ಪ್ರಾರ್ಥಿಸಬೇಕು. ಹೂವು ನಾನೇ ಕೊಳ್ಳುತ್ತೇನೆ.'

ಸಮಾಧಿ ಎಲ್ಲಿದೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಬೆಳಗಿನವರೆಗೂ ರೆಪ್ಪೆ ಮುಚ್ಚಲಿಲ್ಲ.

ಏಳಕ್ಕೆಲ್ಲ ಆಫೀಸಿನ ಬೀಗ ತೆಗೆದು, ಅವಳ ಫೈಲು ಚೀಲಕ್ಕೆ ಹಾಕಿಕೊಂಡು ಹಾಸ್ಟೆಲಿಗೆ ಹೋದೆ. ಹುಡುಗಿ ಇಸ್ತ್ರಿ ಕೋಣೆಯಲ್ಲಿ ಬಿಳಿ ಕೋಟಿನ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು. ಕೋರ್ಸು ಮುಗಿಯಲು ಇನ್ನೂ ಒಂದು ವರ್ಷವಿದ್ದರೂ ಅಲ್ಲಿ ಎಲ್ಲರಿಗೂ ಅವಳು ಆಗಲೇ ನರ್ಸಮ್ಮ.

"ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ದು?"

"ಯಾರಪ್ಪನ್ನ?"

"ನಿಮ್ಮಪ್ಪನ್ನ ಕಣೇ."

"ನಮ್ಮಪ್ಪ ಎಲ್ಲಿ ಸತ್ತಿದಾನೆ? ಬಸ್ ಸ್ಟ್ಯಾಂಡ್ ಹತ್ರ ಪಂಕ್ಚರ್ ಹಾಕ್ಕೊಂಡು ಗುಂಡುಕಲ್ಲಿನ ಹಾಗಿದಾನೆ." ನಕ್ಕಳು. ನನ್ನ ಮುಖ ನೋಡಿ ನಗು ಅಲ್ಲಿಗೇ ನಿಂತಿತು. "ಯಾಕಕ್ಕಾ? ಸತ್ತ ಅಂತ ಯಾರಂದ್ರು?"

"ನೀನೇ ಬರೆದಿದ್ದೆ."

ಫೈಲಿನಿಂದ ಅವಳ ಮೊದಲ ಕಾಗದ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟೆ. ದುಂಡಗಿನ ಅಕ್ಷರ: 'ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮ ಪಾಲಿಗೆ ಸತ್ತ. ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸಿ ನಮ್ಮನ್ನು ಸಾಕುತ್ತಾಳೆ.'

"ಪಾಲಿಗೆ ಅಂತ ಬರೆದಿದೀನಲ್ಲಕ್ಕಾ! ಇನ್ನೊಬ್ಬಳನ್ನ ಕಟ್ಟಿಕೊಂಡು ಹೋದ. ನಮ್ಮ ಪಾಲಿಗೆ ಸತ್ತ. ಅವಳ ಪಾಲಿಗೆ ಚೆನ್ನಾಗೇ ಇದಾನೆ."

ಆ ಕಾಗದ ಅನುವಾದಿಸಿದ ದಿನ ನನಗೆ ನೆನಪಿತ್ತು. ಸಂಜೆಯೊಳಗೆ ನಲವತ್ತು ಕಾಗದ ಮುಗಿಸಬೇಕಿತ್ತು. ಆ ಒಂದು ಪದಕ್ಕೆ ಅವರ ಭಾಷೆಯಲ್ಲಿ ಹೊಂದುವ ಮಾತು ಸಿಗದೆ, ಅದನ್ನು ಬಿಟ್ಟು ಮುಂದೆ ಹೋಗಿದ್ದೆ. ಅಷ್ಟೇ ಆಗಿದ್ದರೆ ಹೇಗೋ ಏನೋ. ಮೊದಲ ವರ್ಷದ ಅರ್ಜಿಯಲ್ಲಿ 'ತಂದೆ' ಎಂಬಲ್ಲಿ ಅವಳು ಬರೀ ಒಂದು ಗೀಟು ಎಳೆದಿದ್ದಳು. ಖಾಲಿ ಇರಬಾರದೆಂದು 'ಮೃತ' ಎಂದು ತುಂಬಿದ ಕೈಯೂ ನನ್ನದೇ. ಆಮೇಲಿನ ಅರ್ಜಿಗಳಿಗೂ ಅದೇ ಇಳಿದು ಬಂದಿತ್ತು.

"ನನ್ನ ಸೀಟು ಹೋಗುತ್ತಾ?"

ಕಾಗದ ಮಡಚಿ ಫೈಲಿಗೆ ಸೇರಿಸಿದೆ. ಕೊನೆಯ ವರ್ಷದ ಅರ್ಜಿಗೆ ಶಿಕ್ಷಕಿಯ ಸಹಿ ಇವತ್ತೇ ಬೀಳಬೇಕಿತ್ತು. ನಮ್ಮ ಕಾರ್ಯದರ್ಶಿಗಳು ಹೋದ ವರ್ಷ ಸುಳ್ಳು ದಾಖಲೆ ಎಂದು ಒಬ್ಬಳನ್ನು ನಡುವರ್ಷದಲ್ಲೇ ಮನೆಗೆ ಕಳಿಸಿದ್ದರು. ಕಣ್ತಪ್ಪಿಗೂ ಕಳ್ಳತನಕ್ಕೂ ಅವರ ಹತ್ತಿರ ಒಂದೇ ತಕ್ಕಡಿ.

"ಬೇರೆ ಯಾರದಾದ್ರೂ ಸಮಾಧಿ ತೋರಿಸಿಬಿಟ್ರೆ?" ಎಂದವಳು ತಾನೇ ನಾಲಿಗೆ ಕಚ್ಚಿಕೊಂಡಳು. "ಥೂ, ಬೇಡ."

ರಾತ್ರಿಯೆಲ್ಲ ಹೊಳೆಯದಿದ್ದ ಆ ಯೋಚನೆ ಆಫೀಸಿಗೆ ಮರಳುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಸುಳಿಯತೊಡಗಿತು.

ಮಧ್ಯಾಹ್ನ ಆಫೀಸಿಗೆ ಬಂದಿಳಿದ ಶಿಕ್ಷಕಿ ಫೋಟೋದಲ್ಲಿದ್ದುದಕ್ಕಿಂತ ಸಣ್ಣಗಿದ್ದರು. ಕೈಯಲ್ಲಿ ಒದ್ದೆ ಕಾಗದ ಸುತ್ತಿದ ಬಿಳಿ ಹೂಗಳು. ಹುಡುಗಿಯನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನರ್ಸಮ್ಮ ಅವರ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ಕಾರು ರೆಡಿ ಇದೆ," ಎಂದರು ಕಾರ್ಯದರ್ಶಿಗಳು. "ಸ್ಮಶಾನ ಯಾವ ಕಡೆಯಮ್ಮ? ಬಸ್ ಸ್ಟ್ಯಾಂಡ್ ದಾರಿನಾ?"

"ಅವರು ಸ್ವಲ್ಪ ಮುಖ ತೊಳ್ಕೊಳ್ಲಿ ಸರ್. ಅರ್ಜಿಗೆ ಸಹಿನೂ ಆಗಬೇಕು," ಎಂದು ಶಿಕ್ಷಕಿಯನ್ನು ಕಾಗದಗಳ ಕೋಣೆಗೆ ಕರೆದೊಯ್ದು ಬಾಗಿಲು ಎಳೆದುಕೊಂಡೆ.

ಮಾತನ್ನು ಅಳೆದು ತೂಗುವವಳು ನಾನು. ಅವತ್ತು ಒಂದೇ ಉಸಿರಿಗೆ ಹೇಳಿದೆ. "ತಂದೆ ಬದುಕಿದ್ದಾರೆ. ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಿದ್ದಾರೆ. ಹುಡುಗಿ ಸುಳ್ಳು ಬರೆಯಲಿಲ್ಲ. ಒಂದು ಪದ ಬಿಟ್ಟವಳು ನಾನು."

ಅವರು ಕುಳಿತರು. ಹೂಗಳ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮೂರು ವರ್ಷ ಅವನ ಆತ್ಮಕ್ಕೆ ಶಾಂತಿ ಬೇಡಿದ್ದೇನೆ."

"ಹೌದು."

"ಯಾವ ಪದ?"

ಹೇಳಿದೆ. "ಪಾಲು ಅಂದರೆ ಹಂಚಿದಾಗ ನಮಗೆ ಬರುವ ಭಾಗ. ಇವರ ಭಾಗಕ್ಕೆ ಬಂದಿದ್ದ ಅಪ್ಪ ಇಲ್ಲವಾದ. ಮನುಷ್ಯ ಇದ್ದಾನೆ."

"ಈಗ ಸರಿಯಾಗಿಯೇ ಹೇಳಿದೆಯಲ್ಲ. ಆಗ ಯಾಕೆ ಬರೆಯಲಿಲ್ಲ?"

"ಅವಸರದಲ್ಲಿದ್ದೆ."

"ನನ್ನ ತರಗತಿಯಲ್ಲಿ ಆ ಉತ್ತರಕ್ಕೆ ಸೊನ್ನೆ." ಅವರು ನಗುತ್ತಿರಲಿಲ್ಲ. "ನಮ್ಮ ಸಮಿತಿಗೆ ತಿಳಿದರೆ ಈ ನಿಧಿ ಇವಳಿಗಲ್ಲ ಎನ್ನುತ್ತಾರೆ. ಗೊತ್ತೇ?"

"ಗೊತ್ತು."

ಹೊರಗೆ ಕಾರ್ಯದರ್ಶಿಗಳ ಚಪ್ಪಲಿ ಸದ್ದು ಬಾಗಿಲವರೆಗೆ ಬಂದು ತಿರುಗಿತು.

"ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ ಎಂದಿತ್ತು. ಆ ಅನುವಾದವಾದರೂ ಸರಿಯೇ?"

"ಅದು ಸರಿ. ಈಗಲೂ ಅದೇ ಕೆಲಸ."

ಅವರು ಅರ್ಜಿಯನ್ನು ಎಳೆದುಕೊಂಡರು. 'ಮೃತ' ಎಂಬಲ್ಲಿ ಬೆರಳು ನಿಂತಿತು. ಬೆರಳು ಕೆಳಗಿಳಿಯಿತು. ಪೆನ್ನು ಕೇಳಿ ಸಹಿ ಹಾಕಿದರು, ಶಾಲೆಯ ಪ್ರಗತಿಪತ್ರಕ್ಕೆ ಹಾಕುವಂತೆ ಬಿಡಿಬಿಡಿಯಾಗಿ.

ಹೊರಗೆ ಬಂದು, "ಮಂಡಿ ನೋಯುತ್ತಿದೆ, ಸಮಾಧಿಯವರೆಗೆ ನಡೆಯಲಾರೆ," ಎಂದರು ಕಾರ್ಯದರ್ಶಿಗಳಿಗೆ. "ನೇರ ತಾಯಿಯ ಮನೆಗೆ ಹೋಗೋಣ. ಹೂವು ಅವಳಿಗೆ ಕೊಡುತ್ತೇನೆ."

ಹುಡುಗಿಗೆ ಅಷ್ಟು ಅವರ ಭಾಷೆ ಬರುತ್ತಿತ್ತು. ಕಾರಿನ ಬಾಗಿಲು ಹಿಡಿದು ನಿಂತಿದ್ದವಳು ತಟ್ಟನೆ ಒಳಗೆ ಕುಳಿತು ಮುಖ ಆಚೆ ತಿರುಗಿಸಿದಳು.

ಕಾರ್ಯದರ್ಶಿಗಳು ನನ್ನ ಹತ್ತಿರ ಬಗ್ಗಿದರು. "ಒಳಗೆ ಅಷ್ಟು ಹೊತ್ತು ಏನಮ್ಮ ಮಾತು? ಹೊಸ ಸಮಾಚಾರ ಇದ್ರೆ ಫೈಲಿಗೆ ಸೇರಿಸಬೇಕಲ್ಲ."

"ಪ್ರಯಾಣದ ಸುಸ್ತು ಸರ್. ಅದನ್ನೇ ಹೇಳ್ಕೋತಾ ಇದ್ರು."

ಕಾರು ಹೊರಟಿತು; ನಾನು ಆಫೀಸಿನಲ್ಲೇ ಉಳಿದೆ. ಶಿಕ್ಷಕಿ ಊರಿಗೆ ಮರಳಿದ ಮೇಲೆ ಮನಸ್ಸು ಬದಲಿಸಿ ಸಮಿತಿಗೆ ಬರೆದಾರೇನೋ, ಬರೆಯದೆಯೂ ಇರಬಹುದು. ಅದು ನನ್ನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿದ್ದುದು ಸಹಿಯಾದ ಅರ್ಜಿ. ಅದನ್ನು ಅಂಚೆಯ ಲಕೋಟೆಗೆ ಹಾಕಿ ಅಂಟಿಸಿದೆ. ಕಾರ್ಯದರ್ಶಿಗಳಿಗಾಗಲಿ, ಸಂಜೆ ಏನಾಯಿತೆಂದು ಕೇಳಲಿರುವ ಗಂಡನಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಅಲ್ಲೇ ನಿಂತು ನಿರ್ಧರಿಸಿದೆ.